ಅರ್ಥ ಇಲ್ಲ, ಎಕೋ ತೆಗೆಯಬೇಡಿ

ಸದ್ದು ಸಣ್ಣದೇ. ಮುಚ್ಚಿದ ಡಬ್ಬಿಯಲ್ಲಿ ಸಿಕ್ಕಿಬಿದ್ದ ದುಂಬಿಯ ಸದ್ದಿನಷ್ಟು. ಗಿಟಾರ್ ನುಡಿಯುತ್ತಿರುವಾಗ ಅದು ಹಾಡಿನ ಅಡಿಯಲ್ಲೆಲ್ಲೋ ಮುದುರಿಕೊಂಡು ಕೂತಿರುತ್ತದೆ. ತಂತಿಯ ಮೇಲಿನ ಕೈ ನಿಂತಿತೋ, ನಾನಿನ್ನೂ ಇಲ್ಲೇ ಇದ್ದೇನೆ ಎಂದು ತಲೆ ಎತ್ತುತ್ತದೆ. ಗುಂಯ್.

ಹೋದ ತಿಂಗಳು ಅದು ಅಣ್ಣನ ಮಾನ ಕಳೆದಿತ್ತು. ಅವನು ಕಟ್ಟಿದ ಒಂದು ಹಾಡಿನ ನಡುವೆ ನಾಲ್ಕು ಎಣಿಕೆಯಷ್ಟು ಮೌನವಿದೆ. ಆ ಮೌನಕ್ಕಾಗಿಯೇ ಉಳಿದ ಹಾಡನ್ನೆಲ್ಲ ಕಟ್ಟಿದ್ದೇನೆ ಎಂದು ಅವನು ಹೇಳಿಕೊಳ್ಳುತ್ತಿದ್ದ. ಸರಿಯಾಗಿ ಅಲ್ಲೇ ಗುಂಯ್ ಎಂದಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಯಾರೋ ಪುಣ್ಯಾತ್ಮ ಅದರ ಶ್ರುತಿ ಹಿಡಿದು ಮೂಗಿನಲ್ಲೇ ತಾನೂ ಗುನುಗಿದ. ಸಭೆ ಗೊಳ್ ಎಂದಿತು. ಅದು ಸಾಲದು ಎನ್ನುವಂತೆ, ಹೊಸ ಹಾಡುಗಾರರನ್ನು ಆರಿಸಲೆಂದು ಬಂದಿದ್ದ ರೇಡಿಯೋದ ಮೇಡಂ ಹೋಗುವಾಗ ಬಾಗಿಲ ಬಳಿ ನಿಂತು, "ರಾಗ ಚೆನ್ನಾಗಿದೆ ಕಣಪ್ಪಾ. ಹಾಡಿಗೆ ಅರ್ಥ ಇಲ್ಲ ಅನ್ಸುತ್ತೆ. ಇನ್ನೊಂದ್ಸಲ ಕೇಳ್ತೀನಿ," ಎಂದಿದ್ದರು. ಗುನುಗಿದವನ ಮುಖವನ್ನು ಅಣ್ಣ ಒಂದು ವಾರದಲ್ಲಿ ಮರೆತ. ಮೇಡಂ ಮಾತನ್ನು ಮರೆಯಲಿಲ್ಲ. ಊಟ ಮಾಡುತ್ತಾ ಮಾಡುತ್ತಾ ತುತ್ತು ಕೈಯಲ್ಲೇ ಹಿಡಿದು ಗೋಡೆ ನೋಡುತ್ತಿದ್ದ.

ಇವತ್ತು ಭಾನುವಾರ, ಮಧ್ಯಾಹ್ನ ನಾಲ್ಕಕ್ಕೆ, ಆ ಮೇಡಂ ಮತ್ತೆ ಬರುವವರಿದ್ದರು. ಗ್ರಂಥಾಲಯದ ಹಿಂದಿನ ಹಳೇ ಸಭಾಂಗಣ. ಎತ್ತರದಲ್ಲಿ ಕಿಟಕಿಗಳು, ಮಡಚುವ ಕಬ್ಬಿಣದ ಕುರ್ಚಿಗಳು, ಕಾಲಿಟ್ಟಲ್ಲೆಲ್ಲ ಕಿರುಗುಟ್ಟುವ ಮರದ ವೇದಿಕೆ. ಬೆಳಿಗ್ಗೆ ಹನ್ನೊಂದಕ್ಕೆ ಬಂದು ವೈರು ಹಾಸಿ ಸ್ವಿಚ್ಚು ಹಾಕಿದ ಕೂಡಲೇ ದುಂಬಿ ಗುಂಯ್‌ಗುಟ್ಟಿತು.

ಅಣ್ಣ ಗಿಟಾರನ್ನು ಸ್ಟ್ಯಾಂಡಿಗೆ ಒರಗಿಸಿ, ವೇದಿಕೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ತಂಗಿಯ ಕಡೆ ತಿರುಗಿದ.

"ಪಿಸು, ಇವತ್ತೂ ಹಿಂಗೇ ಆದ್ರೆ ಮುಂದಿನ ಸಲ ಬೇರೆ ಯಾರನ್ನಾದ್ರೂ ನೋಡ್ಕೋತೀನಿ. ಬೇಜಾರ್ ಮಾಡ್ಕೋಬೇಡ. ಹೇಳ್ಬೇಕು ಅನ್ನಿಸ್ತು, ಹೇಳಿದೆ."

ಅವಳು "ಹೂಂ" ಎಂದಳು. ಅಷ್ಟೇ. ಪಿಸು ಎನ್ನುವುದು ಅವಳ ಹೆಸರಲ್ಲ. ಮಾತಾಡಿದರೆ ಪಕ್ಕದವರಿಗೂ ಪೂರ್ತಿ ಕೇಳಿಸುವುದಿಲ್ಲ ಎಂದು ಚಿಕ್ಕಂದಿನಲ್ಲಿ ಅಣ್ಣನೇ ಇಟ್ಟದ್ದು. ಮನೆಗೆ ನೆಂಟರು ಬಂದರೆ ಅಡುಗೆಮನೆ ಸೇರುತ್ತಿದ್ದ, ಬಸ್ಸಿನಲ್ಲಿ ಇಳಿಯುವ ಜಾಗ ಬಂದರೂ "ನಿಲ್ಸಿ" ಎನ್ನಲಾಗದೆ ಮುಂದಿನ ನಿಲ್ದಾಣದಿಂದ ನಡೆದು ಬರುತ್ತಿದ್ದ ಹುಡುಗಿ. ಆದರೆ ಅವಳ ಕಿವಿ ಮತ್ತು ಕೈ ಬೇರೆಯದೇ ಜಾತಿ. ಅಣ್ಣನ ಕಾಲಡಿಯ ಹಲಗೆಯ ಮೇಲಿದ್ದ ಐದು ಪೆಡಲ್‌ಗಳಲ್ಲಿ ಎರಡನ್ನು ಅವಳೇ ಬೆಸುಗೆ ಹಾಕಿ ಮಾಡಿದ್ದಳು. ಅವನು ಪಾದದಿಂದ ಅವನ್ನು ಒತ್ತಿದಾಗ ಗಿಟಾರಿನ ದನಿ ಒರಟಾಗುವುದೋ ಮೃದುವಾಗುವುದೋ ಆದರೆ, ಸಭಾಂಗಣದ ಹಿಂದೆ ದನಿ ಬೆರೆಸುವ ಮಿಕ್ಸರ್ ಮುಂದೆ ಕೂತ ಅವಳಿಗೆ ತಾನೇ ನಾಲ್ಕು ಜನರ ಮುಂದೆ ಮಾತಾಡಿದಂತಾಗುತ್ತಿತ್ತು. ಅಣ್ಣ ತಂಗಿಯರ ನಡುವೆ ಉಳಿದಿದ್ದ ಮಾತುಕತೆ ಎಂದರೆ ಅದೇ. ಆ ಜಾಗದಲ್ಲಿ ಬೇರೆಯವರನ್ನು ಕೂರಿಸುತ್ತೇನೆ ಎಂದುಬಿಟ್ಟಿದ್ದ ಅವನು, ಕುರ್ಚಿ ಸರಿಸುತ್ತೇನೆ ಎಂದಷ್ಟೇ ಸುಲಭವಾಗಿ.

"ಲೋ, ಅವಳನ್ಯಾಕೆ ಹೆದರಿಸ್ತೀಯ?" ಎಂದ ಡ್ರಮ್ ಬಾರಿಸುವವನು, ಒಂದು ಬೋಲ್ಟು ಬಿಗಿ ಮಾಡುತ್ತಾ. ದಪ್ಪಗೆ ದುಂಡಗೆ ಇದ್ದುದಕ್ಕೋ ಬಡಿಯುವ ಕೆಲಸಕ್ಕೋ ಅವನಿಗೆ ಡಬ್ಬ ಎಂದೇ ಹೆಸರು. "ಗುಂಯ್ ಅಂದ್ರೆ ಏನೀಗ? ತಂಬೂರಿ ಅಂದ್ಕೋ. ಕೆಲವ್ರು ಅದಕ್ಕೇ ಬೇರೆ ಆಳು ಇಟ್ಕೊಂಡಿರ್ತಾರೆ."

"ನೀನು ಸುಮ್ನಿರು. ನಿನ್ ಕಿವೀಲಿ ಡ್ರಮ್ಮು ಬಿಟ್ರೆ ಇನ್ನೇನಿದೆ?"

"ಹತ್ತಿ ಇದೆ. ನಿನ್ ಹಾಡು ಕೇಳೋಕೆ ಮುಂಚೆ ಇಟ್ಕೋತೀನಿ."

ಪಿಸು ಅವರ ಜಗಳಕ್ಕೆ ಕಿವಿಗೊಡಲಿಲ್ಲ. ಸದ್ದನ್ನು ಹುಡುಕುವುದಕ್ಕೆ ಅವಳದೊಂದು ಕ್ರಮವಿತ್ತು, ಸೋದರಮಾವನಿಂದ ಬಂದದ್ದು. ಎಲ್ಲವನ್ನೂ ಕಳಚು, ಒಂದೊಂದಾಗಿ ಸೇರಿಸು, ಪ್ರತಿ ಸಲ ಕಣ್ಣು ಮುಚ್ಚಿ ಕೇಳು. ಗಿಟಾರನ್ನು ನೇರ ಆಂಪ್ಲಿಫೈಯರಿಗೆ ಸಿಕ್ಕಿಸಿದಳು: ದುಂಬಿ ಇಲ್ಲ. ಮೊದಲ ಪೆಡಲ್ ಸೇರಿಸಿದಳು: ಇಲ್ಲ. ಎರಡನೆಯದಕ್ಕೆ ತೆಳ್ಳಗಿನ ಚರಚರ; ಕೇಬಲ್ಲಿನ ಪಿನ್ನು ಸಡಿಲವಿತ್ತು, ಬದಲಿಸಿದಳು. ಕರೆಂಟಿನ ವೈರು ಗಿಟಾರಿನ ಕೇಬಲ್ಲಿನ ಜೊತೆಜೊತೆಗೇ ಓಡುತ್ತಿದ್ದ ಕಡೆ ಎರಡನ್ನೂ ಬಿಡಿಸಿ, ಒಂದು ಇನ್ನೊಂದನ್ನು ಅಡ್ಡಲಾಗಿ ದಾಟುವಂತೆ ಹಾಸಿದಳು. ಸುರುಳಿ ಸುತ್ತಿ ಬಿದ್ದಿದ್ದ ಉದ್ದನೆಯ ಕೇಬಲ್ ತೆಗೆದು ಗೇಣುದ್ದದ್ದು ಹಾಕಿದಳು. ವೇದಿಕೆಯ ಮಂದ ದೀಪದ ರೆಗ್ಯುಲೇಟರ್ ಆರಿಸಿದಾಗ ಜೀರುಂಡೆಯಂಥ ಕಿರಿಕಿರಿಯೂ ಹೋಯಿತು. ಪ್ರತಿಯೊಂದಕ್ಕೂ ಸಭಾಂಗಣ ಸ್ವಲ್ಪ ಸ್ವಲ್ಪವೇ ತಿಳಿಯಾಯಿತು, ಕೊಳದ ಕೆಸರು ಅಡಿಗಿಳಿದ ಹಾಗೆ.

ಕೊನೆಗೆ ಎಕೋ ಪೆಟ್ಟಿಗೆ, ಮೀಟಿದ ಸ್ವರವನ್ನು ಮರುಕಳಿಸುವ ಪೆಡಲ್. ಅದು ಹಳೆಯ ಕಾಲದ್ದು, ಉಳಿದ ಪೆಡಲ್‌ಗಳಂತೆ ಸಣ್ಣ ಅಡಾಪ್ಟರಿನಿಂದ ನಡೆಯುವುದಲ್ಲ. ಅದಕ್ಕೆ ಅದರದೇ ಮೂರು ಪಿನ್ನಿನ ದಪ್ಪ ಪ್ಲಗ್ಗು. ಅದನ್ನು ಸೇರಿಸಿದ ಕ್ಷಣ ಗುಂಯ್.

ಸಿಕ್ಕಿತು. ಆಂಪ್ಲಿಫೈಯರಿನ ಪ್ಲಗ್ಗು ಎಡಗೋಡೆಯಲ್ಲಿ, ಎಕೋದ ಪ್ಲಗ್ಗು ಬಲಗೋಡೆಯಲ್ಲಿ. ಎರಡೂ ಪ್ಲಗ್ಗಿನ ಉದ್ದನೆಯ ಪಿನ್ನುಗಳು ಬೇರೆ ಬೇರೆ ದಾರಿಯಲ್ಲಿ ನೆಲಕ್ಕೆ ಇಳಿಯುತ್ತಿದ್ದವು. ಮೇಲೆ ಗಿಟಾರಿನ ಕೇಬಲ್ಲು ಎರಡನ್ನೂ ಕೂಡಿಸುತ್ತಿತ್ತು. ಅಲ್ಲಿಗೆ ಒಂದು ಬಳೆಯಾಯಿತು. ಆ ಬಳೆಯೊಳಗೆ ಗೋಡೆಯ ಕರೆಂಟು ಸುತ್ತುತ್ತಾ ಹಾಡುತ್ತಿತ್ತು. ಪೆಡಲ್‌ಗಳದ್ದೇನೂ ತಪ್ಪಿಲ್ಲ, ಅವಳು ಮಾಡಿದ ಎರಡರದ್ದಂತೂ ಇಲ್ಲವೇ ಇಲ್ಲ. ಎರಡು ಪ್ಲಗ್ಗನ್ನೂ ಒಂದೇ ಸಾಕೆಟ್ಟಿಗೆ ತಂದರೆ ಬಳೆ ಒಡೆಯುತ್ತದೆ. ಅದಕ್ಕೆ ಬೇಕಾದ್ದು ಒಂದು ಉದ್ದನೆಯ ಎಕ್ಸ್‌ಟೆನ್ಷನ್ ಬೋರ್ಡು. ಅದು ಇದ್ದದ್ದು ಸಭಾಂಗಣದ ಕಾವಲುಗಾರನ ಬೀರುವಿನಲ್ಲಿ. ಬೀರುವಿಗೆ ಬೀಗ.

ಕಾವಲುಗಾರ ಬೆಳಿಗ್ಗೆಯೇ ಒಂದು ಸಲ ಅವಳನ್ನು ಹಿಡಿದಿದ್ದ. ನೆಲಕ್ಕೆ ಟೇಪ್ ಅಂಟಿಸುತ್ತಿದ್ದಾಗ ಹಿಂದೆ ಬಂದು ನಿಂತು, "ಏನಮ್ಮಾ, ಅಂಟಿಸೋದು ನೀವು, ಕೆರೆಯೋದು ನಾನಾ?" ಎಂದಿದ್ದ. ಅವಳು ಮುಖ ಕೆಂಪಗೆ ಮಾಡಿಕೊಂಡು ಉಗುರಿನಿಂದಲೇ ಟೇಪ್ ಕಿತ್ತಿದ್ದಳು. ಈಗ ಅವನ ಕೋಣೆಯ ಕಡೆ ನಡೆಯುತ್ತಾ ಬಾಯೊಳಗೇ ಜೋಡಿಸಿಕೊಂಡಳು: ಸರ್, ಒಂದು ಬೋರ್ಡು ಬೇಕಿತ್ತು. ಸರ್, ಸ್ವಲ್ಪ ಹೊತ್ತಿಗೆ. ಸರ್, ನಾನೇ ತಂದುಕೊಡ್ತೀನಿ. ಬಾಗಿಲ ಬಳಿ ಹೋದರೆ ಕಾವಲುಗಾರ ಫೋನಿನಲ್ಲಿ ಯಾರಿಗೋ ಮೈಮೇಲೆ ಬಂದವನಂತೆ ಬೈಯುತ್ತಿದ್ದ. "ಕೇಳೋದು, ಕೇಳೋದು, ಬರೀ ಕೇಳೋದೇ ಆಯ್ತು ನಿಮ್ದು! ಕೊಟ್ಟಿದ್ದು ವಾಪಸ್ ಬರುತ್ತಾ?" ಅವಳು ಹೊಸ್ತಿಲಾಚೆಯೇ ನಿಂತಳು. ಒಂದು ನಿಮಿಷ. ಎರಡು ನಿಮಿಷ. ಅವನು ತಲೆ ಎತ್ತಿ ಇವಳನ್ನು ನೋಡಿ, ಏನು ಎನ್ನುವಂತೆ ಗಲ್ಲ ಮೇಲೆತ್ತಿದ. ಅವಳು ಏನೂ ಇಲ್ಲ ಎಂದು ತಲೆಯಾಡಿಸಿ ಬಂದುಬಿಟ್ಟಳು.

ಬರುತ್ತಾ ತನ್ನನ್ನೇ ಬೈದುಕೊಂಡಳು. ಆದರೆ ಕಾಲು ಮತ್ತೆ ಹಿಂದಕ್ಕೆ ತಿರುಗಲಿಲ್ಲ.

ಅವಳ ಸಲಕರಣೆಯ ಚೀಲದಲ್ಲಿ, ತೀರಾ ತಳದಲ್ಲಿ, ಎರಡು ಪಿನ್ನಿನ ಅಡಾಪ್ಟರೊಂದಿತ್ತು. ಮೂರು ಪಿನ್ನಿನ ಪ್ಲಗ್ಗನ್ನು ಅದರೊಳಗೆ ಸಿಕ್ಕಿಸಿದರೆ ಗೋಡೆಗೆ ಹೋಗುವುದು ಎರಡೇ ಪಿನ್ನು. ನೆಲಕ್ಕಿಳಿಯುವ ಮೂರನೆಯದು ಅಲ್ಲೇ ಸಾಯುತ್ತದೆ. ಗುಂಯ್ ಎನ್ನುವುದನ್ನು ನಿಲ್ಲಿಸಲು ಅರೆಬರೆ ಕಲಿತವರೆಲ್ಲ ಮಾಡುವ ಕೆಲಸ ಇದು. ಸೋದರಮಾವ ಬದುಕಿದ್ದರೆ ಅವಳ ಕೈಯಿಂದ ಅದನ್ನು ಕಿತ್ತು ಬೀದಿಗೆ ಎಸೆಯುತ್ತಿದ್ದರು.

ಮಾವ ರೇಡಿಯೋ, ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದವರು. ಮೂರನೇ ಪಿನ್ನಿನ ನೆಲದ ದಾರಿಗೆ ಹೇಳುವ ಅರ್ತಿಂಗ್ ಎನ್ನುವ ಮಾತು ಅವರ ಬಾಯಲ್ಲಿ ಸವೆದು ಸವೆದು ಬರೀ ಅರ್ಥ ಆಗಿತ್ತು. ಅಂಗಡಿಗೆ ಬಂದ ಪ್ರತಿಯೊಂದು ಸಾಮಾನಿನ ಪ್ಲಗ್ಗನ್ನೂ ಮೊದಲು ಪರೀಕ್ಷಿಸಿ, ಒಂದು ಚೂರು ಬಿಳಿ ಟೇಪು ಅಂಟಿಸಿ ಬರೆಯುತ್ತಿದ್ದರು: ಅರ್ಥ ಇದೆ. ಇಲ್ಲವೇ: ಅರ್ಥ ಇಲ್ಲ. "ಅರ್ಥ ಇಲ್ಲದ್ದನ್ನ ಮುಟ್ಟಬೇಡ ಮಗಾ," ಎನ್ನುತ್ತಿದ್ದರು ಅವಳಿಗೆ, "ಕರೆಂಟು ಸೋರಿದ್ರೆ ಅದು ನೆಲಕ್ಕೆ ಹೋಗೋ ದಾರಿ ಹುಡುಕುತ್ತೆ. ಬೇರೆ ದಾರಿ ಇಲ್ದಿದ್ರೆ ನಿನ್ನೇ ದಾರಿ ಮಾಡ್ಕೊಳ್ಳುತ್ತೆ." ಅವರ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು ಬೆಳೆದ ಅವಳಿಗೆ ಆ ಮಾತಿಗೆ ಬೇರೊಂದು ಅರ್ಥವೂ ಇದೆ ಎನ್ನುವುದು ಕೆಲಸದ ಹೊತ್ತಿನಲ್ಲಿ ನೆನಪಿಗೇ ಬರುತ್ತಿರಲಿಲ್ಲ.

ಅವಳು ಲೆಕ್ಕ ಹಾಕಿದಳು. ಆಂಪ್ಲಿಫೈಯರಿನ ಅರ್ಥ ಕಿತ್ತರೂ, ಎಕೋ ಪೆಟ್ಟಿಗೆಗೆ ತನ್ನದೇ ಅರ್ಥ ಇದೆಯಲ್ಲ. ಕೇಬಲ್ಲುಗಳ ಹೊರಕವಚದ ಮೂಲಕ ಆಂಪು, ಗಿಟಾರು, ತಂತಿ ಎಲ್ಲವೂ ಎಕೋಗೆ ಕೂಡಿಕೊಂಡಿವೆ; ಎಕೋ ನೆಲಕ್ಕೆ ಕೂಡಿಕೊಂಡಿದೆ. ಎಕೋ ಸಾಲಿನಲ್ಲಿ ಇರುವಷ್ಟು ಹೊತ್ತು ಯಾರಿಗೂ ಏನೂ ಆಗುವುದಿಲ್ಲ. ಎಕೋ ಅಂತೂ ಅಣ್ಣನಿಗೆ ಪ್ರಾಣ, ಅದಿಲ್ಲದೆ ಒಂದು ಹಾಡೂ ಶುರು ಮಾಡುವವನಲ್ಲ. ಎರಡು ಗಂಟೆಯ ಮಾತು. ಇದೊಂದು ಸಲ.

ಆಂಪ್ಲಿಫೈಯರಿನ ಪ್ಲಗ್ಗಿಗೆ ಅಡಾಪ್ಟರ್ ಹಾಕಿ ಸ್ವಿಚ್ಚು ಒತ್ತಿದಳು.

ಸಭಾಂಗಣದಲ್ಲಿ ಯಾವ ಸದ್ದೂ ಇಲ್ಲ. ಮೇಲಿನ ಕಿಟಕಿಯಲ್ಲಿ ಪಾರಿವಾಳವೊಂದು ರೆಕ್ಕೆ ಕೆದರಿದ್ದು ಕೇಳಿಸಿತು.

ಅಣ್ಣ ಗಿಟಾರ್ ಕೊರಳಿಗೆ ಹಾಕಿಕೊಂಡು ಒಂದು ತಂತಿ ಮೀಟಿ, ಅದು ಎಕೋದಲ್ಲಿ ಮೂರು ಸಲ ಮರುಕಳಿಸಿ ಆರುವವರೆಗೂ ಕಾದ. ಆಮೇಲೆ ಬರೀ ಮೌನ. ಅವನ ಮುಖ ಹೋದ ತಿಂಗಳಿನಿಂದ ಹೀಗೆ ಅರಳಿರಲಿಲ್ಲ.

"ಏನ್ ಮಾಡಿದ್ಯೇ? ಮಾಟ ಗೀಟ ಹಾಕಿದ್ಯಾ?"

"ಏನಿಲ್ಲ, ಪ್ಲಗ್ಗು..." ಎಂದಳು ಪಿಸು.

"ನನ್ ತಂಗಿ ಅಂದ್ರೆ ತಂಗಿ ಕಣ್ರೋ! ಡಬ್ಬಾ, ನೋಡ್ಕೊ. ಬೇರೆಯವ್ರನ್ನ ನೋಡ್ತೀನಿ ಅಂದಿದ್ನಲ್ಲ, ಆ ಬಾಯಿಗೆ ಮಣ್ಣು ಹಾಕ." ಅವಳ ತಲೆಯ ಮೇಲೆ ಕೈಯಿಟ್ಟು ಕೂದಲು ಕೆದರಿದ. ಎಂಟು ವರ್ಷದವಳಿದ್ದಾಗ ಹಾಗೆ ಮಾಡುತ್ತಿದ್ದ. ಪ್ಲಗ್ಗಿನ ಮುಂದಿನ ಮಾತನ್ನು ಅವಳು ಅಲ್ಲೇ ಬಿಟ್ಟಳು. ಆಮೇಲೆ ಹೇಳೋಣ, ಎಲ್ಲ ಮುಗಿದ ಮೇಲೆ.

ಆದರೂ ಮಾವನ ಭಯ ಬಿಡಲಿಲ್ಲ. ಬಿಳಿ ಟೇಪಿನ ಚೂರು ಹರಿದು, ಆಂಪ್ಲಿಫೈಯರಿನ ನೆತ್ತಿಯ ಮೇಲೆ, ಕಣ್ಣಿಗೆ ಬೀಳುವ ಹಾಗೆ ಅಂಟಿಸಿ, ದಪ್ಪ ಪೆನ್ನಿನಲ್ಲಿ ಬರೆದಳು: ಅರ್ಥ ಇಲ್ಲ. ಎಕೋ ತೆಗೆಯಬೇಡಿ.

ಊಟ ಮುಗಿಸಿ ಎಲ್ಲರೂ ವಾಪಸು ಬಂದಾಗ ಎರಡೂವರೆ. ಅದನ್ನು ಮೊದಲು ಕಂಡದ್ದು ಡಬ್ಬ. ಬಗ್ಗಿ ಓದಿದ. ನೆಟ್ಟಗಾದ. ಮತ್ತೆ ಬಗ್ಗಿ ಓದಿ ಹೊಟ್ಟೆ ಹಿಡಿದುಕೊಂಡ.

"ಅಯ್ಯಯ್ಯೋ, ಬನ್ರೋ ಇಲ್ಲಿ! ಪಿಸು ವಿಮರ್ಶೆ ಬರ್ದಿದ್ದಾಳೆ. 'ಅರ್ಥ ಇಲ್ಲ. ಎಕೋ ತೆಗೆಯಬೇಡಿ.' ಹಾಡಿಗೆ ಅರ್ಥ ಇಲ್ಲ, ಎಕೋನಾದ್ರೂ ಇರ್ಲಿ ಪಾಪ ಅಂತ!"

ಬೇಸ್ ಗಿಟಾರಿನವನು, ಅಲ್ಲಾಡದೆ ನಿಂತು ಬಾರಿಸುತ್ತಾನೆಂದು ಕಂಬ ಎಂದು ಕರೆಸಿಕೊಳ್ಳುತ್ತಿದ್ದವನು, ಆ ದಿನ ಮೊದಲ ಸಲ ಅಲ್ಲಾಡಿದ. ನಗು ತಡೆಯಲಾಗದೆ ಗೋಡೆಗೊರಗಿದ. "ಮಾತಾಡಲ್ಲ, ಮಾತಾಡಲ್ಲ ಅಂತೀವಿ. ಬರೆದ್ರೆ ನೋಡು, ಹೆಂಗ್ ಬರೀತಾಳೆ!"

ಪಿಸು ತಿರುಗಿ ನೋಡಿದಳು. ಎರಡು ಕ್ಷಣ ಅವಳಿಗೆ ಏನು ನಡೆಯುತ್ತಿದೆ ಎಂದೇ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಅಲ್ಲ, ಅದು ಪ್ಲಗ್ಗಿನದು ಎನ್ನಬೇಕು. ಅಷ್ಟೇ, ಮೂರು ಮಾತು. ಆದರೆ ಎಲ್ಲರ ಕಣ್ಣೂ ಒಟ್ಟಿಗೆ ಅವಳ ಮೇಲೆ ಬಿದ್ದಿತ್ತು. ಅಷ್ಟು ಕಣ್ಣು ಒಮ್ಮೆಗೇ ಬಿದ್ದಾಗ ಅವಳು ಯಾವಾಗಲೂ ಮಾಡುವುದನ್ನೇ ಮಾಡಿದಳು. ಅವರ ಜೊತೆ ತಾನೂ ನಕ್ಕಳು.

ನಗುವಾಗಲೇ ಅಣ್ಣನ ಮುಖ ಕಂಡಿತು. ಅವನು ನಗುತ್ತಿರಲಿಲ್ಲ. ಕೋಪವೂ ಇರಲಿಲ್ಲ. ಸಭೆ ಗೊಳ್ ಎಂದಾಗ ಹೋದ ತಿಂಗಳು ಇದ್ದ ಮುಖ ಅದು.

"ನಿಂಗೂ ಹಾಗೇ ಅನ್ಸುತ್ತಾ?" ಎಂದ, ಅವಳೊಬ್ಬಳಿಗೇ ಕೇಳಿಸುವಷ್ಟು.

"ಅಣ್ಣಾ, ಅದು..."

"ಪರ್ವಾಗಿಲ್ಲ ಬಿಡು. ಮನೇವರೇ ಹೇಳ್ಬೇಕು ಇಂಥದ್ದೆಲ್ಲ." ಟೇಪನ್ನು ಉಗುರಿನಿಂದ ಎಬ್ಬಿಸಿ, ಮುದ್ದೆ ಮಾಡಿ, ಜೇಬಿಗೆ ಹಾಕಿಕೊಂಡು ವೇದಿಕೆಯ ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.

ಅವಳು ಆ ಬಾಗಿಲ ಮುಂದೆ ಎರಡು ಸಲ ಹೋಗಿ ಬಂದಳು. ಒಳಗೆ ಅವನು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಹಾಡುವ ಮುಂಚೆ ಅವನನ್ನು ಮಾತಾಡಿಸಬಾರದು ಎನ್ನುವುದು ಮನೆಯಲ್ಲೆಲ್ಲ ಗೊತ್ತಿದ್ದ ಕಟ್ಟಳೆ. ಹಾಡು ಮುಗಿದ ಮೇಲೆ ಮಾವನ ಟೇಪಿನ ಕತೆ ಹೇಳಿದರೆ ಅವನೂ ನಗುತ್ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಜನ ಬರತೊಡಗಿದ್ದರು. ಕುರ್ಚಿಗಳು ಎಳೆದಾಡುವ ಸದ್ದು. ಅವಳು ಸಭಾಂಗಣದ ತೀರಾ ಹಿಂದೆ, ಬಾಗಿಲ ಪಕ್ಕದ ಮಿಕ್ಸರ್ ಮುಂದೆ ಹೋಗಿ ಕೂತಳು. ರೇಡಿಯೋ ಮೇಡಂ ಮೂರನೇ ಸಾಲಿನಲ್ಲಿ ಕೂತು, ಮಡಿಲಲ್ಲಿ ಪುಸ್ತಕವಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದರು.

ನಾಲ್ಕು ಗಂಟೆಗೆ ಸರಿಯಾಗಿ ಅಣ್ಣ ಬಂದು ನಿಂತ. ಮೊದಲ ಹಾಡಿಗೆ ಮುಂಚೆ ಬರೀ ಗಿಟಾರಿನದೇ ಹದಿನಾರು ಸುತ್ತು. ಹದಿನಾರನೆಯದು ಮುಗಿದಾಗ ಅವನು ಮೈಕಿನ ಹತ್ತಿರ ಬಾಗುತ್ತಾನೆ. ಮೊದಲ ತಂತಿ ಮೀಟಿದ.

ಪಿಸು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಗುಂಯ್ ಇಲ್ಲ. ನೀರಿನಂತೆ ಶುದ್ಧ. ಮನಸ್ಸಿಗೆ ಹಾಯೆನಿಸಿತು. ಎರಡನೇ ಸುತ್ತಿನಲ್ಲಿ ಏನೋ ಸರಿಯಿಲ್ಲ ಎನಿಸಿತು. ದನಿ ಬರಡು ಬರಡಾಗಿದೆ. ಮೀಟಿದ ಸ್ವರ ಮೀಟಿದಲ್ಲೇ ಬಿದ್ದು ಸಾಯುತ್ತಿದೆ, ಮರುಕಳಿಸುತ್ತಿಲ್ಲ.

ಎಕೋ ಇಲ್ಲ.

ಕಣ್ಣು ತೆರೆದಳು. ಹಲಗೆಯ ಮೇಲೆ ನಾಲ್ಕೇ ಪೆಡಲ್. ಎಕೋ ಪೆಟ್ಟಿಗೆ ಕೇಬಲ್ಲುಗಳನ್ನೆಲ್ಲ ಕಳಚಿಸಿಕೊಂಡು ಡ್ರಮ್ಮಿನ ಹಿಂದೆ ಗೋಡೆಗೆ ಮುಖ ಮಾಡಿ ಕೂತಿತ್ತು. ಹಾಡಿಗೆ ಅರ್ಥ ಇದೆಯೋ ಇಲ್ಲವೋ ಎಕೋದ ಹಂಗಿಲ್ಲದೆ ತೋರಿಸುತ್ತೇನೆ ಎಂದು, ಜನ ಕೂರುವ ಗದ್ದಲದಲ್ಲಿ ಅವನು ಅದನ್ನು ಕಿತ್ತಿಟ್ಟಿದ್ದ. ಅವಳು ಬರೆದದ್ದಕ್ಕೇ ಕಿತ್ತಿಟ್ಟಿದ್ದ.

ಈಗ ಆಂಪಿಗೆ ನೆಲವಿಲ್ಲ. ಅದರ ಹಳೇ ಹೊಟ್ಟೆಯಿಂದ ಸೋರಿದ ಕರೆಂಟು ಪೆಟ್ಟಿಗೆಯ ತಗಡಿಗೆ, ತಗಡಿನಿಂದ ಕೇಬಲ್ಲಿಗೆ, ಕೇಬಲ್ಲಿನಿಂದ ಅವನ ಬೆರಳಡಿಯ ತಂತಿಗೆ ಬಂದು ದಾರಿಗಾಗಿ ಕಾಯುತ್ತಿದೆ. ಮೈಕು ಮಿಕ್ಸರಿಗೆ ಕೂಡಿದೆ, ಮಿಕ್ಸರು ನೆಲಕ್ಕೆ. ಕೈ ತಂತಿಯ ಮೇಲಿಟ್ಟು ತುಟಿ ಮೈಕಿಗೆ ತಾಗಿಸಿದ ಕ್ಷಣ ಅಣ್ಣನೇ ದಾರಿ.

ಐದನೇ ಸುತ್ತು. ಕೂಗಬೇಕು. ಬಾಯಿ ತೆರೆದಳು, ಬಂದದ್ದು ಗಾಳಿ. ಪಕ್ಕದಲ್ಲಿದ್ದ ಹೆಂಗಸು ತಿರುಗಿ ನೋಡಿ, "ಶ್," ಎಂದಳು.

ಎದ್ದು ಓಡಿದಳು. ನಡುದಾರಿಯಲ್ಲಿ ಯಾರೋ ಚಾಚಿದ ಕಾಲು, ಯಾರದೋ ಚೀಲ. ಎಂಟು. ಒಂದು ಕುರ್ಚಿ ಅವಳ ಮೊಣಕಾಲಿಗೆ ಸಿಕ್ಕಿ ಮಡಚಿಕೊಂಡು ಢಣ್ ಎಂದು ಬಿತ್ತು. ಜನ ಗೊಣಗಿದರು. ಅಣ್ಣ ಕಣ್ಣು ತೆರೆದು, ಬರುತ್ತಿರುವವಳು ಯಾರೆಂದು ನೋಡಿ, ಮತ್ತೆ ಕಣ್ಣು ಮುಚ್ಚಿದ. ಹನ್ನೆರಡು. ಆಂಪಿನ ಪ್ಲಗ್ಗು ವೇದಿಕೆಯ ಎಡಗೋಡೆಯಲ್ಲಿ, ಮೆಟ್ಟಿಲು ಬಲಗಡೆ. ಅವಳು ಮೆಟ್ಟಿಲಿಗೆ ಹೋಗದೆ ವೇದಿಕೆಯ ಅಂಚಿಗೆ ಎರಡು ಕೈಯೂರಿ ಹತ್ತಲು ಹೋದಳು. ಒಂದು ಸಲ ಜಾರಿದಳು. ಸಭೆಯಲ್ಲಿ ನಗು ಎದ್ದಿತು.

ಅಣ್ಣ ಬಾಗಿದ. ಮೊದಲ ಪದಕ್ಕೆ ತುಟಿ ತೆರೆದ.

ಟಪ್ ಎಂದು ಸ್ಪೀಕರಿನಲ್ಲಿ ಸದ್ದಾಯಿತು. ಅವನ ತಲೆ ಹೊಡೆಸಿಕೊಂಡವನಂತೆ ಹಿಂದಕ್ಕೆ ಹಾರಿತು. ಏನಾಯಿತೆಂದು ತಿಳಿಯದೆ, ಎಡಗೈ ತಂತಿಯ ಮೇಲೇ ಇರುವಾಗ, ಮೈಕನ್ನು ಆಚೆ ಸರಿಸಲು ಬಲಗೈ ಚಾಚಿದ. ಆ ಕಬ್ಬಿಣದ ಸ್ಟ್ಯಾಂಡನ್ನು ಮುಷ್ಟಿಯಲ್ಲಿ ಹಿಡಿದರೆ ಬಿಡಿಸಿಕೊಳ್ಳಲಾಗುವುದಿಲ್ಲ. ಪಿಸು ಹೊಟ್ಟೆಯ ಮೇಲೆ ಬಿದ್ದವಳು ಏಳದೆ ಹಾಗೇ ಮುಂದಕ್ಕೆ ತೆವಳಿ, ಆಂಪಿನ ವೈರನ್ನು ಹಿಡಿದು ಎಳೆದಳು. ಅಡಾಪ್ಟರ್ ಸಮೇತ ಪ್ಲಗ್ಗು ಗೋಡೆಯಿಂದ ಕಿತ್ತು ಬಂತು. ಗಿಟಾರ್ ಸತ್ತಿತು. ಹಾಡಿಗೆ ಕೋಲು ಎತ್ತಿದ್ದ ಡಬ್ಬ ಎರಡು ಏಟು ಬಡಿದು ನಿಲ್ಲಿಸಿದ.

ಅಣ್ಣನ ಕೆಳತುಟಿಯಲ್ಲಿ ಸಾಸಿವೆಯಷ್ಟು ಬಿಳಿ ಕಲೆ. ಅವನು ಅದನ್ನು ಮುಟ್ಟಿ ನೋಡಿಕೊಂಡು, ಕೆಳಗೆ ಬಿದ್ದಿದ್ದ ತಂಗಿಯನ್ನೂ ಅವಳ ಕೈಯಲ್ಲಿದ್ದ ಪ್ಲಗ್ಗನ್ನೂ ನೋಡಿದ.

"ಏನೇ ಇದು?" ಮೈಕು ಇನ್ನೂ ಜೀವಂತವಿತ್ತು, ಸಭಾಂಗಣಕ್ಕೆಲ್ಲ ಕೇಳಿಸಿತು.

"ಆಂಪಿಗೆ ಅರ್ಥ ಇಲ್ಲ. ನಾನೇ ತೆಗೆದಿದ್ದೆ. ಗುಂಯ್ ಅನ್ನದಿರ್ಲಿ ಅಂತ."

"ಏನು? ಜೋರಾಗಿ ಹೇಳು."

"ಪ್ಲಗ್ಗಿನ ಅರ್ಥ ಅಣ್ಣಾ! ಹಾಡಿನದ್ದಲ್ಲ! ಮಾವ ಬರೀತಿದ್ರಲ್ಲ, ಹಾಗೆ ಬರ್ದಿದ್ದು. ಎಕೋ ತೆಗೆದ್ರೆ ಶಾಕ್ ಹೊಡೆಯುತ್ತೆ ಅಂತ!"

ಡಬ್ಬನ ಕೈಯಿಂದ ಕೋಲೊಂದು ಜಾರಿ ಉರುಳಿತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಅಣ್ಣ ಜೇಬಿಗೆ ಕೈ ಹಾಕಿ, ಟೇಪಿನ ಮುದ್ದೆ ಬೆರಳಿಗೆ ಸಿಕ್ಕಿತೇನೋ, ಹಾಗೇ ನಿಂತ. ಆಮೇಲೆ ಮೈಕಿನಿಂದ ಎರಡು ಹೆಜ್ಜೆ ಹಿಂದೆ ಸರಿದು ಕೇಳಿದ.

"ಮತ್ತೆ ಅವ್ರು ನಕ್ಕಾಗ ನೀನ್ಯಾಕೆ ನಕ್ಕೆ?"

ಉತ್ತರ ಇತ್ತು. ಅದನ್ನು ಹೇಳಿದರೆ ಇನ್ನೂ ಕೆಟ್ಟದಾಗಿ ಕೇಳಿಸುತ್ತಿತ್ತು. ಎಲ್ಲರೂ ನೋಡುತ್ತಿದ್ದರು ಅಂತ. ಅಷ್ಟಕ್ಕೆ. ಒಂದು ಜೀವ ಹೋಗುವುದರಲ್ಲಿತ್ತು, ಅಷ್ಟಕ್ಕೆ.

ಹಿಂದಿನಿಂದ ಕಾವಲುಗಾರ ಬಂದ. ಗದ್ದಲ ಕೇಳಿ ಬಂದವನು, ಅವಳು ನೆಲದ ಮೇಲಿನಿಂದಲೇ, "ಸರ್, ಒಂದು ಎಕ್ಸ್‌ಟೆನ್ಷನ್ ಬೋರ್ಡು ಬೇಕು. ಈಗಲೇ," ಎಂದದ್ದಕ್ಕೆ ಹೋಗಿ ಒಂದು ನಿಮಿಷದಲ್ಲಿ ತಂದುಕೊಟ್ಟ. "ಆಗ ಬಾಗಿಲ ಹತ್ರ ಬಂದು ನಿಂತಿದ್ದು ಇದಕ್ಕೇನಾ ತಾಯಿ? ಕೇಳಿದ್ರೆ ಕೊಡ್ತಿರ್ಲಿಲ್ವಾ?" ದನಿಯಲ್ಲಿ ಬೈಗುಳ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಅವಳು ಎಕೋ ಪೆಟ್ಟಿಗೆಯನ್ನು ಅದರ ಜಾಗಕ್ಕೆ ತಂದು, ಎರಡು ಪ್ಲಗ್ಗನ್ನೂ ಒಂದೇ ಬೋರ್ಡಿಗೆ ಹಾಕಿದಳು. ಮೂರು ಮೂರು ಪಿನ್ನು. ಅಡಾಪ್ಟರನ್ನು ಶೂಗಾಲಲ್ಲಿ ತುಳಿದು ಒಡೆದಳು. ಸ್ವಿಚ್ಚು ಹಾಕಿ, ಟೆಸ್ಟರಿನ ತುದಿಯನ್ನು ಗಿಟಾರಿನ ಪ್ರತಿ ತಂತಿಗೂ ಮುಟ್ಟಿಸಿದಳು. ಒಳಗಿನ ಪುಟ್ಟ ದೀಪ ಹೊತ್ತಲಿಲ್ಲ. ಗುಂಯ್ ಕೂಡ ಇರಲಿಲ್ಲ. ಬೆಳಿಗ್ಗೆಯೇ ಐದು ನಿಮಿಷದಲ್ಲಿ ಆಗಬಹುದಾಗಿದ್ದ ಕೆಲಸ.

"ಆಯ್ತು ಅಣ್ಣ. ಈಗ ಏನೂ ಆಗಲ್ಲ." ಗಿಟಾರನ್ನು ಅವನತ್ತ ಚಾಚಿದಳು.

ಅವನು ತೆಗೆದುಕೊಳ್ಳಲಿಲ್ಲ.

"ಬೆಳಿಗ್ಗೆನೂ ಏನಿಲ್ಲ ಅಂದಿದ್ದೆ," ಎಂದ. "ನೀನು ಹಿಡ್ಕೋ. ಮೈಕಿಗೆ ಬಾಯಿಟ್ಟು ತೋರ್ಸು."

"ಲೋ, ಸಾಕು ಬಿಡೋ," ಎಂದ ಡಬ್ಬ. "ತಮಾಷೆ ಮಾಡಿದ್ದು ನಾನು. ಬೇಕಾದ್ರೆ ನಾನು ಹಿಡ್ಕೋತೀನಿ."

"ಅವಳು ಹಿಡ್ಕೊಳ್ಳಿ."

ಪಿಸು ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡಳು. ಗಿಟಾರ್ ಅವಳಿಗೆ ಭಾರವಾಯಿತು, ಮೊಣಕಾಲಿಗೆ ಬಡಿಯಿತು. ಎಡಗೈಯಿಂದ ಆರೂ ತಂತಿಗಳನ್ನು ಒಟ್ಟಿಗೆ ಗಟ್ಟಿಯಾಗಿ ಹಿಡಿದಳು. ಬಲಗೈಯಿಂದ ಸ್ಟ್ಯಾಂಡು ಹಿಡಿದಳು. ಮುಂದೆ ನೂರು ಮುಖ. ಅಂಥ ಜಾಗದಲ್ಲಿ ಅವಳು ಹುಟ್ಟಿದಂದಿನಿಂದ ನಿಂತಿರಲಿಲ್ಲ. ಕಣ್ಣು ಮುಚ್ಚಿ ತುಟಿಯನ್ನು ಮೈಕಿನ ತಣ್ಣನೆಯ ಜಾಲರಿಗೆ ಒತ್ತಿದಳು.

ಏನೂ ಆಗಲಿಲ್ಲ. ಅವಳ ಉಸಿರು ಮಾತ್ರ ಎರಡೂ ಸ್ಪೀಕರಿನಿಂದ ಹೊರಟು ಸಭಾಂಗಣದ ತುಂಬ ಹರಡಿತು, ಬಿಟ್ಟು ಬಿಟ್ಟು, ನಡುಗುತ್ತಾ. ಯಾರೂ ನಗಲಿಲ್ಲ. ಹತ್ತು ಎಣಿಸುವಷ್ಟು ಹೊತ್ತು ಹಾಗೇ ನಿಂತಿದ್ದಳು, ಸಾಕು ಎಂದು ಅವನು ಹೇಳಲಿ ಎಂದು. ಅವನು ಹೇಳಲಿಲ್ಲ; ಬಂದು ಅವಳ ಕೊರಳಿಂದ ಪಟ್ಟಿ ತೆಗೆದುಕೊಂಡ, ಅಷ್ಟೇ. ತಂತಿಯನ್ನು ಮೊದಲು ಬೆರಳಿನ ಹಿಂಬದಿಯಿಂದ, ಕಾದ ಹೆಂಚನ್ನು ಮುಟ್ಟುವವನಂತೆ, ಮುಟ್ಟಿ ನೋಡಿದ.

ಅವಳು ಜನರ ನಡುವೆ ನಡೆದು, ಬಿದ್ದಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಮಿಕ್ಸರ್ ಮುಂದೆ ಹೋಗಿ ಕೂತಳು. ಹಾಡು ಮತ್ತೆ ಮೊದಲಿನಿಂದ ಶುರುವಾಯಿತು. ಹದಿನಾರು ಸುತ್ತು. ಅಣ್ಣ ಮೈಕಿನ ಕಡೆ ಬಾಗಿದ, ಆದರೆ ಪೂರ್ತಿ ಬಾಗಲಿಲ್ಲ. ಒಂದು ಗೇಣು ಆಚೆಯೇ ನಿಂತು ಹಾಡಿದ. ಆಮೇಲೆ ಮೈಮರೆತು ಹತ್ತಿರ ಬರುತ್ತಾನೆ ಎಂದು ಅವಳು ಕಾದಳು. ಅವನು ಯಾವ ಸಾಲಿನಲ್ಲೂ ಮೈಮರೆಯಲಿಲ್ಲ.

ಅಷ್ಟು ದೂರದಿಂದ ದನಿ ತೆಳ್ಳಗೆ ಬಂತು. ಮೂರನೇ ಸಾಲಿನಲ್ಲಿ ಮೇಡಂ ಕಿವಿಯ ಹಿಂದೆ ಕೈಯಿಟ್ಟು ಮುಂದಕ್ಕೆ ಬಾಗಿದರು. ಪಿಸು ಅವನ ಮೈಕಿನ ಗುಂಡಿಯನ್ನು ಸ್ವಲ್ಪ ಏರಿಸಿದಳು. ಸಾಲಲಿಲ್ಲ, ಇನ್ನೂ ಸ್ವಲ್ಪ ಏರಿಸಿದಳು. ಅಣ್ಣನ ದನಿಯ ಜೊತೆಗೆ ಸಭಾಂಗಣದ ಫ್ಯಾನು, ಯಾರದೋ ಕೆಮ್ಮು, ಮೈಕಿನದೇ ಸುಯ್ ಎನ್ನುವ ಮರಳಿನಂಥ ಸದ್ದು ಎಲ್ಲ ಮೇಲೆದ್ದು ಬಂದವು. ಇಳಿಸಿದರೆ ಅವನು ಕೇಳಿಸುವುದಿಲ್ಲ. ಅವಳು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತಳು. ಹಾಡಿನ ನಡುವಿನ ಆ ನಾಲ್ಕು ಎಣಿಕೆಯ ಮೌನ ಬಂದಾಗ ಆ ಮರಳು ಸಭಾಂಗಣದ ಈ ಗೋಡೆಯಿಂದ ಆ ಗೋಡೆಯವರೆಗೂ ಸುರಿಯುತ್ತಿತ್ತು. ಅದನ್ನು ತೆಗೆಯಲು ಕಳಚಬಹುದಾದ ಯಾವ ಕೇಬಲ್ಲೂ ಇರಲಿಲ್ಲ.